ನಮ್ಮ ಟರ್ಬೋ ಕಾರಿನ ಉಬ್ಬಸ

ಮನುಷ್ಯನಿಗೆ ಕಾಯಿಲೆ ಬಂದರೆ ನೋಡಲು ಬಂದವರು ನಾಲ್ಕು ಮೋಸಂಬಿ ಇಟ್ಟು, ಒಂದು ಔಷಧಿ ಹೇಳಿ ಹೋಗುತ್ತಾರೆ. ಕಾರಿಗೆ ಕಾಯಿಲೆ ಬಂದರೆ ಮೋಸಂಬಿ ಯಾರೂ ತರುವುದಿಲ್ಲ, ಔಷಧಿ ಮಾತ್ರ ಎಲ್ಲರೂ ಹೇಳುತ್ತಾರೆ. ಇದು ನನಗೆ ತಿಳಿದದ್ದು ಐವತ್ತೆರಡನೆಯ ವಯಸ್ಸಿನಲ್ಲಿ, ತೆಲುಗು ಸೀಮೆಯ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ. ನನ್ನ ಓರಗೆಯವರಲ್ಲಿ ಕೆಲವರು ಈ ವಯಸ್ಸಿಗೆ ಯೋಗ ಹಿಡಿದರು, ಕೆಲವರು ಬಾಲ್ಕನಿಯಲ್ಲಿ ಟೊಮೆಟೊ ಬೆಳೆದರು. ನಾನು ಒಂದು ಕೆಂಪು ಸ್ಪೋರ್ಟ್ಸ್ ಕಾರು ತಂದೆ. ಎರಡೇ ಬಾಗಿಲು, ನೆಲಕ್ಕೆ ಮೂಗು ತಾಗಿಸುವಷ್ಟು ಗಿಡ್ಡ, ವಯಸ್ಸು ಹದಿನೆಂಟು. ಅದನ್ನು ಮಾಡಿದ ಪರದೇಶದ ಕಂಪನಿಯೇ ಆ ಮಾದರಿಯನ್ನು ಎಂದೋ ಮರೆತಿತ್ತು. ಹೊಟ್ಟೆ ಒಳಗೆಳೆದುಕೊಂಡು ಅದರಲ್ಲಿ ಕೂತರೆ ಇಳಿಯುವಾಗ ಯಾರಾದರೂ ಕೈ ಕೊಡಬೇಕು. ಆದರೂ ಆಕ್ಸಿಲರೇಟರ್ ಒತ್ತಿದೊಡನೆ ಟರ್ಬೋ ಎಚ್ಚೆತ್ತು ಬೆನ್ನಿಗೆ ಒಂದು ಗುದ್ದು ಕೊಡುತ್ತಿತ್ತಲ್ಲ, ಆ ಒಂದು ಗುದ್ದಿಗಾಗಿ ನಾನು ಎಲ್ಲ ಅವಮಾನವನ್ನೂ ಸಹಿಸಿದೆ.

ಎಂಟು ತಿಂಗಳಾದ ಮೇಲೆ ಆ ಗುದ್ದೇ ನಿಂತುಹೋಯಿತು. ಸಪಾಟು ರಸ್ತೆಯಲ್ಲಿ ಹೇಗೋ ಓಡುತ್ತಿದ್ದ ಕಾರು ಫ್ಲೈಓವರ್ ಕಂಡರೆ ಉಬ್ಬಸದ ರೋಗಿಯಂತೆ ಏದುಸಿರು ಬಿಡತೊಡಗಿತು. ಒಂದು ದಿನ ಹೂಕೋಸು ತುಂಬಿದ ಆಟೋ ಒಂದು ಏರಿನಲ್ಲಿ ನನ್ನನ್ನು ಹಿಂದೆ ಹಾಕಿತು. ಆಟೋದವನು ತಿರುಗಿ ನೋಡಿದ. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ, ಅವನು ಮರುಕಪಟ್ಟ.

ಪಕ್ಕದಲ್ಲಿ ನನ್ನ ಹೆಂಡತಿ ಮಹಾನಂದಾ ಇದ್ದಳು. ಕಲಬುರಗಿಯವಳು, ಇಲ್ಲಿನ ಶಾಲೆಯೊಂದರಲ್ಲಿ ಗಣಿತದ ಟೀಚರು. "ರೀ, ಮುಂದ ಎಲ್ಲೋ ಉಸ್ ಅನ್ನಾಕತ್ತೈತಿ ಕೇಳ್ರಿ. ಗಾಳಿ ಸೋರತೈತಿ," ಅಂದಳು.

"ಇದೇನು ಸೈಕಲ್ ಟ್ಯೂಬ್ ಏನ? ನಿನಗ ತಿಳಿಯೂದಿಲ್ಲ, ಸುಮ್ನಿರು," ಅಂದೆ. ಈ ಮಾತನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು. ಆದರೆ ಬಿಟ್ಟರೆ ಆಕೆ ಬರೆಸುತ್ತಾಳೆ.

ಅಲ್ಲಿಂದ ವೈದ್ಯರ ಸಾಲು ಶುರುವಾಯಿತು. ಎದುರು ಮನೆಯ ನಿವೃತ್ತ ತಹಸೀಲ್ದಾರರು ಪೆಟ್ರೋಲು ಸರಿಯಿಲ್ಲ ಎಂದರು. ಮೇಲಿನ ಮಹಡಿಯ ಗೃಹಸ್ಥರೊಬ್ಬರು ಕಾರನ್ನು ಉತ್ತರಕ್ಕೆ ಮುಖ ಮಾಡಿ ನಿಲ್ಲಿಸಲು ಹೇಳಿದರು, ಅದನ್ನೂ ಮಾಡಿದೆ. ನಮ್ಮ ಮೆಕ್ಯಾನಿಕ್ ಸತ್ತಾರ್ ಭಾಯಿ ಪ್ಲಗ್ ಬದಲಿಸಿದರು, ಫಿಲ್ಟರ್ ಬದಲಿಸಿದರು, ಕಾರಿನೊಳಗಿನ ಪೆಟ್ರೋಲ್ ಪಂಪನ್ನೂ ಬದಲಿಸಿದರು. ಅವರ ಗ್ಯಾರೇಜಿನಲ್ಲಿ ನಿಂತಾಗ ಎಂಜಿನ್ನು, ಡಾಕ್ಟರ ಮುಂದೆ ಮಾತ್ರ ಕೆಮ್ಮದ ರೋಗಿಯ ಹಾಗೆ, ಸುಖವಾಗಿ ಗುರುಗುಟ್ಟುತ್ತಿತ್ತು. ಕೊನೆಗೆ ಅವರು ಕೈ ಒರೆಸಿಕೊಳ್ಳುತ್ತ, "ಟರ್ಬೋ ಗಯಾ ಸಾಬ್. ಅಬ್ ಇಸ್ಕು ನಕ್ಕೋ ರಖೋ," ಅಂದರು. ಟರ್ಬೋ ಸತ್ತಿದೆ, ಇನ್ನು ಇದನ್ನು ಇಟ್ಟುಕೊಳ್ಳಬೇಡಿ ಎಂದು ಅರ್ಥ.

ಆ ಮಾತನ್ನು ಮಹಾನಂದಾ ಹಿಡಿದುಕೊಂಡಳು. ಎರಡೇ ದಿನದಲ್ಲಿ ಗಿರಾಕಿಯೂ ಸಿದ್ಧನಾದ. ಆಕೆಯ ಸಹೋದ್ಯೋಗಿಯ ತಮ್ಮ, ಉಡುಪಿ ಕಡೆಯವನು, ಅಕ್ಷಯ್ ಅಂತ, ಐಟಿ ಕಂಪನಿಯಲ್ಲಿದ್ದಾನೆ. "ಐತವಾರ ಹತ್ತಕ್ಕ ಬರ್ತಾನ. ಹೆಂಗೈತಿ ಹಂಗ ಒಯ್ತೀನಿ ಅಂದಾನ. ನೀವು ಬ್ಯಾಡ ಅನಬ್ಯಾಡ್ರಿ," ಅಂದಳು. ನಾನು ಹೂಂ ಅಂದೆ. ಆ ವಾರ ದಿನಾ ಸಂಜೆ ಚಹದ ಲೋಟ ಹಿಡಿದುಕೊಂಡು ನೆಲಮಾಳಿಗೆಗೆ ಇಳಿದು ಕಾರಿನ ಪಕ್ಕ ನಿಂತು ಬರುತ್ತಿದ್ದೆ. ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆಯಂತೆ ಎಂದು ಬರೆಯುವ ಆಸೆಯಿದೆ, ಆದರೆ ನಮಗೆ ಇರುವವನು ಒಬ್ಬ ಮಗ, ಅವನು ಹಾಸ್ಟೆಲಿಗೆ ಹೋದಾಗ ನಾನು ಇಷ್ಟು ಬೇಸರಪಟ್ಟಿರಲಿಲ್ಲ.

ಶುಕ್ರವಾರ ಮಧ್ಯಾಹ್ನ ನನ್ನ ಬುದ್ಧಿಗೆ ಬೆಳಕು ಬಿತ್ತು. ನನ್ನ ಉದ್ಯೋಗವೇನೆಂದು ಇನ್ನೂ ಹೇಳಿಲ್ಲ, ನಾಚಿಕೆಯಿಂದಲೇ ಹೇಳಿಲ್ಲ. ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯಲ್ಲಿ ಪೈಪುಗಳ ಯೋಗಕ್ಷೇಮ ನೋಡಿಕೊಳ್ಳುವ ಎಂಜಿನಿಯರು ನಾನು. ಅಂದು ಹೊಸದಾಗಿ ಜೋಡಿಸಿದ ಗ್ಯಾಸ್ ಪೈಪಿನ ಮುಂದೆ ನಿಂತಿದ್ದೆ. ನಿವೃತ್ತಿಗೆ ಎರಡು ವರ್ಷವಿರುವ ನಮ್ಮ ಆಪರೇಟರ್ ಮಲ್ಲೇಶಂ ಪೈಪಿನೊಳಗೆ ಒತ್ತಡ ಕೊಟ್ಟು, ಕೀಲಿನ ಮೇಲೆ ಸೋಪಿನ ನೀರು ಚಿಮುಕಿಸಿ, "ಬುಡಗಲು ವಸ್ತುನ್ನೈ ಸಾರ್. ಲೀಕೇಜಿ ಉಂದಿ," ಅಂದ. ಗುಳ್ಳೆ ಬರುತ್ತಿವೆ, ಸೋರಿಕೆಯಿದೆ. ನಾನು ಎಂದಿನಂತೆ ವರದಿ ಬರೆಯಲು ಪೆನ್ನು ತೆಗೆದೆ. ಪೆನ್ನು ಅಲ್ಲೇ ನಿಂತಿತು.

ಟರ್ಬೋ ಎಂದರೆ ಗಾಳಿಯನ್ನು ಒತ್ತಿ ಎಂಜಿನ್ನಿಗೆ ಉಣಿಸುವ ಒಂದು ಪುಟ್ಟ ಫ್ಯಾನು. ಒತ್ತಿದ ಗಾಳಿ ಕಾಯುತ್ತದೆ. ಅದನ್ನು ತಣಿಸಲು ಕಾರಿನ ಮೂಗಿನ ಹಿಂದೆ ಇಂಟರ್‌ಕೂಲರ್ ಎಂಬ ಜಾಲರಿಯಿದೆ. ಅಲ್ಲಿಗೆ ಹೋಗಲು ಒಂದು, ಬರಲು ಒಂದು ರಬ್ಬರ್ ಪೈಪು. ಹದಿನೆಂಟು ವರ್ಷದ ರಬ್ಬರು! ನಿಂತಾಗ ಒತ್ತಡವಿಲ್ಲ, ಸೀಳು ಮುಚ್ಚಿಕೊಂಡಿರುತ್ತದೆ. ಏರಿನಲ್ಲಿ ಒತ್ತಿದಾಗ ಬಾಯಿ ತೆರೆದು ಉಸ್ ಅನ್ನುತ್ತದೆ. ಊರಿನ ಪೈಪುಗಳಿಗೆಲ್ಲ ಸೋರಿಕೆ ಹುಡುಕಿ ಸಹಿ ಹಾಕುವ ನಾನು ನನ್ನ ಕಾರನ್ನು ಉತ್ತರಕ್ಕೆ ತಿರುಗಿಸಿ ನಿಲ್ಲಿಸಿದ್ದೆ.

ಅಂದು ಸಂಜೆಯೇ ಪ್ಲಂಬಿಂಗ್ ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಮುಚ್ಚಳ ತಂದು, ಅದಕ್ಕೆ ತೂತು ಕೊರೆದು ಟೈರಿನ ವಾಲ್ವ್ ಸಿಕ್ಕಿಸಿ, ಟರ್ಬೋದ ಬಾಯಿಗೆ ಬಿಗಿದೆ. ಕಾಲಲ್ಲಿ ತುಳಿಯುವ ಪಂಪಿಗೆ ಆಳು ಬೇಕಿತ್ತು. "ಮಾರೂ ಗಾಡಿಗೆ ಇದೆಲ್ಲಾ ಯಾಕ?" ಎನ್ನುತ್ತಲೇ ಮಹಾನಂದಾ ಸೆರಗು ಸೊಂಟಕ್ಕೆ ಸಿಕ್ಕಿಸಿ ತುಳಿಯತೊಡಗಿದಳು. ನಾನು ಟಾರ್ಚು ಹಿಡಿದು ಕಾರಿನಡಿ ಮಲಗಿ ಪಾತ್ರೆ ಸೋಪಿನ ನೀರು ಸಿಂಪಡಿಸಿದೆ. ಏನೂ ಇಲ್ಲ. "ಇನ್ನ ಜೋರ್ ತುಳಿ," ಅಂದೆ. "ಇದಕಿಂತ ಜೋರ್ ತುಳದ್ರ ನಾ ತಳಕ್ಕ ಹೋಗ್ತೀನಿ!" ಅಂದಳು. ಅಷ್ಟರಲ್ಲಿ ಪೈಪಿನ ತಳಭಾಗದಲ್ಲಿ, ಮೇಲಿನಿಂದ ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಒಂದು ಗುಳ್ಳೆ ಎದ್ದಿತು. ಅದರ ಪಕ್ಕ ಇನ್ನೊಂದು. ಆಮೇಲೆ ನೊರೆಯ ಗೊಂಚಲೇ ಅರಳಿ ನನ್ನ ಕನ್ನಡಕದ ಮೇಲೆ ಬಿತ್ತು.

"ಬಂತು! ಬಂತು!" ಎಂದು ಕಿರುಚಿದೆ. ವಾಚ್‌ಮನ್ ಕೋಲು ಹಿಡಿದು ಓಡಿಬಂದು, "ಏಮೈಂದಿ ಸಾರ್, ಪಾಮಾ?" ಅಂದ. ಹಾವಲ್ಲಪ್ಪ, ಗುಳ್ಳೆ ಎಂದೆ. ಅವನು ಮಹಾನಂದಾಳ ಕಡೆ ನೋಡಿದ. ಮಹಾನಂದಾ ನನ್ನ ಕಡೆ ನೋಡಿ, "ಗಾಳಿ ಸೋರತೈತಿ ಅಂತ ಯಾರ್ ಅಂದಿದ್ರು?" ಅಂದಳು. ಕಾರಿನಡಿ ಮಲಗಿದವನಿಗೆ ವಾದ ಮಾಡುವ ಅನುಕೂಲವಿರುವುದಿಲ್ಲ. "ನೀನ," ಅಂದೆ.

ಶನಿವಾರ ಆ ಪೈಪನ್ನು ಸತ್ತಾರ್ ಭಾಯಿಯ ಮುಂದಿಟ್ಟೆ. ಅವರು ಬಗ್ಗಿಸಿದರು, ಸೀಳು ಬಾಯಿ ತೆರೆಯಿತು. ಅತ್ತಿತ್ತ ನೋಡಿ, "ಕಿಸೀಕು ನಕ್ಕೋ ಬೋಲೋ ಸಾಬ್," ಅಂದರು. ಯಾರಿಗೂ ಹೇಳಬೇಡಿ ಎಂದು. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ, ಬರೆಯುವುದಿಲ್ಲ ಎಂದಿರಲಿಲ್ಲ. ಆ ಕಾರಿನ ಪೈಪು ಈಗ ಎಲ್ಲೂ ಸಿಗದು. ಆದರೆ ಲಾರಿಗಳಿಗೂ ಟರ್ಬೋ ಇರುತ್ತದೆ. ಅವರು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೆದ್ದಾರಿ ಪಕ್ಕದ ಲಾರಿ ಬಿಡಿಭಾಗಗಳ ಅಂಗಡಿಗೆ ಒಯ್ದರು. "ಯಾವ ಲಾರಿಗೆ?" ಎಂದು ಅಂಗಡಿಯವನು ಹಿಂದಿಯಲ್ಲಿ ಕೇಳಿದ. "ಕೆಂಪು ಲಾರಿಗೆ," ಎಂದುಬಿಟ್ಟೆ. ಅದೇ ಅಳತೆಯ, ದಪ್ಪ ನೀಲಿ ಸಿಲಿಕೋನ್ ಪೈಪು ಎರಡು ಸಿಕ್ಕವು.

ಭಾನುವಾರ ಬೆಳಿಗ್ಗೆ ಅವನ್ನು ಕೊಯ್ದು ಕೂರಿಸಿ, ಕ್ಲಾಂಪು ಬಿಗಿದು, ಮತ್ತೆ ಪಂಪು ತುಳಿಸಿ ನೋಡಿದೆವು. ಒಂದೇ ಒಂದು ಗುಳ್ಳೆ ಬರಲಿಲ್ಲ. ಬಂದದ್ದು ನನ್ನ ಹೆಬ್ಬೆರಳಿನ ರಕ್ತ. ಕ್ಲಾಂಪಿನ ಅಂಚು ಕೊಯ್ದಿತ್ತು. ಬಟ್ಟೆ ಸುತ್ತಿಕೊಳ್ಳುವಷ್ಟರಲ್ಲಿ ಅಕ್ಷಯ್ ಬಂದ. ಆರಡಿ ಎತ್ತರದ ಹುಡುಗ. "ಸರ್, ಒಮ್ಮೆ ಓಡಿಸಿ ನೋಡ್ಬಹುದಾ?" ಎಂದು ಮೆಲ್ಲಗೆ ಕೇಳಿದ. ಮಹಾನಂದಾ ನನ್ನ ಕೈಯಿಂದ ಕೀಲಿ ಕಸಿದುಕೊಂಡು, "ತಡಿ ತಮ್ಮಾ, ಮೊದಲ ನಾ ನೋಡ್ತೀನಿ. ತುಳದು ತುಳದು ನನ್ನ ಕಾಲ್ ಬಿದ್ದಾವ," ಅಂದಳು.

ನಾನು ಪಕ್ಕದಲ್ಲಿ, ಅಕ್ಷಯ್ ಹಿಂದೆ ಮೊಣಕಾಲನ್ನು ಗದ್ದಕ್ಕೆ ಊರಿಕೊಂಡು. ಫ್ಲೈಓವರ್ ಬಂತು. ಲಾರಿಯ ಪೈಪು ಜಾರಿಬಿಟ್ಟರೆ ಗಿರಾಕಿಯ ಮುಂದೆ ಮಾನ ಹೋಗುತ್ತದೆ. ಮಹಾನಂದಾ ಒತ್ತಿದಳು. ಒಂದು ಗಳಿಗೆ ಏನೂ ಇಲ್ಲ. ಮರುಗಳಿಗೆ ಬಂತು ನೋಡಿ ಆ ಗುದ್ದು! ಮೂವರ ಬೆನ್ನೂ ಸೀಟಿಗೆ ಅಂಟಿತು. ಎರಡು ಬಸ್ಸು, ಒಂದು ಟ್ಯಾಂಕರು, ಹೊಚ್ಚಹೊಸ ದೊಡ್ಡ ಕಾರೊಂದು ಹಿಂದಕ್ಕೆ ಸರಿದುಹೋದವು. ಉಸ್ ಎಂಬ ಸದ್ದಿಲ್ಲ, ಉಬ್ಬಸವಿಲ್ಲ. ಮಹಾನಂದಾ ಗಹಗಹಿಸಿ ನಕ್ಕಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ನನ್ನ ಯಾವ ಜೋಕಿಗೂ ಆಕೆ ಹಾಗೆ ನಕ್ಕಿರಲಿಲ್ಲ.

ಹಿಂದಿನಿಂದ ಅಕ್ಷಯನ ದನಿ ಬಂತು: "ಸರ್, ಇದು ವೀಕ್ ಅಂತ ಹೇಳಿದ್ರಲ್ಲ? ನಾನು ಇವತ್ತೇ ತಗೊಂಡು ಹೋಗ್ತೇನೆ."

ಗೆದ್ದ ಸಂತೋಷದಲ್ಲಿ ಈ ಲೆಕ್ಕ ಮರೆತೇ ಹೋಗಿತ್ತು: ಕಾರು ಸರಿಹೋದಷ್ಟೂ ಗಿರಾಕಿಗೇ ಲಾಭ. ಅಷ್ಟರಲ್ಲಿ ಮಹಾನಂದಾ ಕನ್ನಡಿಯಲ್ಲಿ ಅವನನ್ನು ನೋಡಿ ಬಹಳ ಅಕ್ಕರೆಯಿಂದ ಅಂದಳು: "ತಮ್ಮಾ, ಮನೀಗೆ ನಡಿ, ಸುಸಲಾ ಮಾಡೀನಿ, ತಿಂದು ಹೋಗು. ಗಾಡಿ ಮಾತ್ರ ಕೊಡೂದಿಲ್ಲ."

ಪಾಪ, ಅವನು ಎರಡು ತಟ್ಟೆ ಮಂಡಕ್ಕಿ ಸುಸಲಾ ತಿಂದು ಹೋದ. ಅಂದು ಇಡೀ ದಿನ ನಾನು ಬಟ್ಟೆ ಸುತ್ತಿದ ಹೆಬ್ಬೆರಳನ್ನು ಮೇಲಕ್ಕೆತ್ತಿಕೊಂಡೇ ತಿರುಗಾಡಿದೆ.

ಸೋಮವಾರ ಬೆಳಿಗ್ಗೆ ನೋಡಿದರೆ ಗೂಟದಲ್ಲಿ ಕೀಲಿ ಇರಲಿಲ್ಲ. ಅಂದಿನಿಂದ ಗಣಿತದ ಟೀಚರು ಕೆಂಪು ಕಾರಿನಲ್ಲಿ ಶಾಲೆಗೆ ಹೋಗುತ್ತಾರೆ, ನಾನು ಕಾರ್ಖಾನೆಯ ಬಸ್ಸಿಗೆ ಹೋಗುತ್ತೇನೆ. ಮೊನ್ನೆ ಏರಿನಲ್ಲಿ ನಮ್ಮ ಬಸ್ಸನ್ನು ಆ ಕಾರು ಸುಯ್ಯನೆ ದಾಟಿಹೋಯಿತು. ಪಕ್ಕದಲ್ಲಿದ್ದ ಮಲ್ಲೇಶಂ ಕಿಟಕಿಯಿಂದ ಬಗ್ಗಿ ನೋಡಿ, "ಸಾರ್, ಆ ಕಾರು ಮೀದೇ ಕದಾ?" ಅಂದ. ನಿಮ್ಮದೇ ಅಲ್ಲವೇ ಎಂದು. ಬಸ್ಸಿನಲ್ಲಿದ್ದ ಎಲ್ಲರಿಗೂ ಕೇಳುವಂತೆ ನಾನು ಎದೆಯುಬ್ಬಿಸಿ ಹೇಳಿದೆ: "ಕಾರು ಮೇಡಂದು. ಪೈಪು ನಂದು."