ರಾಣಿಯಮ್ಮನ ಹೊಸ ಅರಮನೆ

“ಇನ್ನು ಮೇಲೆ ಈ ಮನೇಲಿ ರಾಣಿಯ ಒಂದು ಕೂದಲೂ ಕೊಂಕಕೂಡದು!”

ಭೂತಗನ್ನಡಿ ರಾಯರು ಎದೆ ತಟ್ಟಿಕೊಂಡು ಹೀಗೆ ಘೋಷಿಸಿದಾಗ, ಇದು ತನ್ನ ಬಗ್ಗೆಯೇ ಇರಬೇಕೆಂದು ಅವರ ಹೆಂಡತಿ ಒಂದು ಕ್ಷಣ ಹಿಗ್ಗಿದಳು. ತಿರುಗಿ ನೋಡಿದರೆ ರಾಯರು ಇರುವೆಗಳಿಗೆ ಮಾತು ಕೊಡುತ್ತಿದ್ದರು.

ರಾಯರದು ವಾಚು ರಿಪೇರಿಯ ಕಸುಬು. ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಸ್ಕ್ರೂವನ್ನು ಚಿಮಟದಲ್ಲಿ ಎತ್ತುವ ಕೈ. ಅಂಥ ಕೈಗೆ ಇರುವೆ ಸಾಕುವುದೇನು ಮಹಾ! ಮೊದಲ ಮಳೆಗೆ ರೆಕ್ಕೆ ಬಡಿದು ಬಂದ ಇಬ್ಬರು ರಾಣಿಯರನ್ನು ಹಿಡಿದು, ಎರಡು ಗಾಜಿನ ನಳಿಗೆಗಳಲ್ಲಿಟ್ಟು, ಮಕ್ಕಳು ಮರಿಯಾಗುವ ತನಕ ಸಾಕಿದ್ದರು. ಅವರಲ್ಲಿ ಹಿರಿರಾಣಿ ನಿನ್ನೆ ತೀರಿಕೊಂಡಿದ್ದಳು.

“ನಿನ್ನ ಮಿಕ್ಸಿ ಸದ್ದಿಗೆ ಎದೆಯೊಡೆದು ಸತ್ತಳು!”

“ಮಿಕ್ಸಿ ತಿರುಗೋದು ದಿನಕ್ಕೊಂದು ಸಲ. ನೀವು ಗಳಿಗೆಗೊಂದು ಸಲ ನಳಿಗೆ ಮೇಲೆ ಮುಚ್ಚಿದ ಬಟ್ಟೆ ಎತ್ತಿ ಟಾರ್ಚು ಬಿಡ್ತೀರ. ನನ್ನ ಬಾಣಂತನದಲ್ಲಿ ಯಾರಾದ್ರೂ ಹೀಗೆ ಇಣುಕಿದ್ರೆ ನಾನೂ ಬದುಕ್ತಿರ್ಲಿಲ್ಲ!”

“ಅದು ಇಣುಕೋದಲ್ಲ ಕಣೇ, ಆರೈಕೆ!”

“ಕೈ ಅಷ್ಟು ತುರಿಸ್ತಿದ್ರೆ ನಮ್ಮಪ್ಪ ಕೊಟ್ಟ ಟೈಂಪೀಸು ರಿಪೇರಿ ಮಾಡಿ.”

ಮದುವೆಯಲ್ಲಿ ಬಂದಿದ್ದ ಆ ಟೈಂಪೀಸು ಕೆಟ್ಟು ಯಾವ ಕಾಲವಾಯಿತೋ! ಊರವರ ಗಡಿಯಾರವನ್ನೆಲ್ಲ ಓಡಿಸುವ ರಾಯರ ಮನೆಯಲ್ಲಿ ಅದು ಹಿಂದಿನ ಮುಚ್ಚಳ ಬಿಚ್ಚಿಸಿಕೊಂಡು ಕಪಾಟಿನ ಮೇಲೆ ಧೂಳು ತಿನ್ನುತ್ತಿತ್ತು.

“ನಾಳೆ ಮಾಡ್ತೀನಿ,” ಎಂದರು ರಾಯರು, ಎಂದಿನಂತೆ.

ಅವರ ಚಿಂತೆ ಬೇರೆಯೇ ಇತ್ತು. ತಾಯಿಯಿಲ್ಲದ ಆ ಅನಾಥರ ಗತಿಯೇನು? ರಾಣಿ ಹೋದ ಮೇಲೆ ಮೊಟ್ಟೆಯಿಲ್ಲ, ಮರಿಯಿಲ್ಲ. ಇದ್ದವು ಒಂದೊಂದಾಗಿ ಸತ್ತು ವಂಶವೇ ಮುಗಿಯುತ್ತದೆ. ರಾಯರ ಕರುಳು ಚುರ್ ಎಂದಿತು. ಎರಡು ನಳಿಗೆಗಳ ನಡುವೆ ರಬ್ಬರ್ ಪೈಪು ಜೋಡಿಸಿ, ಅನಾಥರನ್ನು ಕಿರಿರಾಣಿಗೆ ದತ್ತು ಕೊಡುವುದೆಂದು ತೀರ್ಮಾನಿಸಿದರು.

“ಬೇಡಾರೀ! ನಿಮ್ಮ ಅಣ್ಣತಮ್ಮಂದಿರೇ ಒಂದು ಸೂರಿನ ಕೆಳಗೆ ಒಂದು ವಾರ ಬಾಳ್ಲಿಲ್ಲ.”

“ಅವರು ಮನುಷ್ಯರು. ಒಗ್ಗಟ್ಟು ಅಂದ್ರೇನು ಅಂತ ಲೋಕಕ್ಕೆ ಕಲಿಸಿದ್ದೇ ಇರುವೆ!”

ಮೊದಲ ಅನಾಥ ಪೈಪು ದಾಟಿ ಒಳಗೆ ಕಾಲಿಟ್ಟಿತು. ಕಿರಿರಾಣಿಯ ಕಡೆಯದೊಂದು ಇರುವೆ ಮೀಸೆ ತಾಗಿಸಿ ಮೂಸಿತು, ಮರುಕ್ಷಣವೇ ಅದರ ಕಾಲು ಕಚ್ಚಿ ಎಳೆಯಿತು! ಮೈವಾಸನೆ ಬೇರೆಯಾದರೆ ನೆಂಟನಲ್ಲ, ವೈರಿ ಎಂಬುದು ಇರುವೆಗಳ ಕಾನೂನು. ಕುರುಕ್ಷೇತ್ರವೇ ಶುರುವಾಯಿತು. ಬಿಡಿಸಲು ಹೋಗಿ ರಾಯರು ಪೈಪು ಕಿತ್ತರು. ಸಾಸಿವೆ ಸ್ಕ್ರೂ ಹಿಡಿಯುವ ಕೈಯಿಂದ ಗೇಣುದ್ದದ ನಳಿಗೆ ಜಾರಿ ಮೇಜಿನ ಮೇಲೆ ಉರುಳಿತು. ಕಿರಿರಾಣಿ ಸಪರಿವಾರ ಪರಾರಿ!

“ಯಾರೂ ಅಲ್ಲಾಡ್ಬೇಡಿ!”

ಕುರ್ಚಿಯಲ್ಲಿದ್ದ ರಾಯರ ತಾಯಿ ಎರಡೂ ಕಾಲು ಮೇಲೆತ್ತಿಕೊಂಡರು. “ಎಷ್ಟು ಹೊತ್ತೋ ಹೀಗೆ?”

“ರಾಣಿ ಸಿಗೋ ತನಕ, ಅಮ್ಮಾ!”

“ಹಾಗಾದ್ರೆ ನನ್ನ ಹಾಸಿಗೆ ಇಲ್ಲಿಗೇ ತಂದ್ಬಿಡು.”

ಹಾಸಿಗೆ ಕೊಡವಿದ್ದಾಯಿತು, ಚಪ್ಪಲಿಗಳನ್ನು ಜಾಲಾಡಿದ್ದಾಯಿತು, ಹೆಂಡತಿಯ ತುರುಬಿಗೂ ಭೂತಗನ್ನಡಿ ಹಿಡಿದಿದ್ದಾಯಿತು. ರಾಣಿಯ ಸುಳಿವಿಲ್ಲ. ರಾಯರಿಗೆ ನಿಜಕ್ಕೂ ದುಃಖವಾಯಿತು. ಅಂಗಡಿಯಲ್ಲಿ ಗಿರಾಕಿಯೊಬ್ಬರ ವಾಚಿಗೆ ದೊಡ್ಡ ಮುಳ್ಳಿನ ಜಾಗದಲ್ಲಿ ಚಿಕ್ಕ ಮುಳ್ಳು ಕೂರಿಸಿ ಬೈಸಿಕೊಂಡರು. ಉಳಿದ ಅನಾಥರಿಗೆ ದಿನವೂ ಒಂದು ತೊಟ್ಟು ಜೇನು ಹಾಕುತ್ತಿದ್ದರು; ಬಟ್ಟೆ ಎತ್ತಿ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಒಂದು ತಿಂಗಳು ಕಳೆದಿರಬೇಕು. ಬೆಳಿಗ್ಗೆ ಜೇನು ಹಾಕುವಾಗ ಒಂದು ತೊಟ್ಟು ಮೇಜಿನ ಮೇಲೆ ಚೆಲ್ಲಿತು. ಸ್ವಲ್ಪ ಹೊತ್ತಿಗೆ ಅದಕ್ಕೆ ಇರುವೆ ಮುತ್ತಿತ್ತು. ಸಾಲು ಹಿಡಿದು ಹೋದರೆ ಅದು ಗೋಡೆ ಹತ್ತಿ, ಕಪಾಟು ಹತ್ತಿ, ಮಾವ ಕೊಟ್ಟ ಟೈಂಪೀಸಿನೊಳಗೆ ನುಗ್ಗುತ್ತಿತ್ತು! ರಾಯರು ಭೂತಗನ್ನಡಿ ಸಿಕ್ಕಿಸಿಕೊಂಡು ಇಣುಕಿದರು. ಹಲ್ಲುಚಕ್ರಗಳ ನಡುವೆ ಕಿರಿರಾಣಿ ಗುಂಡುಗುಂಡಾಗಿ ಕೂತಿದ್ದಳು! ಸುತ್ತ ಮೊಟ್ಟೆಯ ರಾಶಿ, ಹಿಂದೆಂದೂ ಕಾಣದಷ್ಟು ಮಕ್ಕಳು. ರಾಯರ ಕಣ್ಣು ಒದ್ದೆಯಾಗಿ ಭೂತಗನ್ನಡಿ ಮಂಜಾಯಿತು.

“ಬಾರೇ! ಅಮ್ಮಾ, ನೀನೂ ಬಾ! ಇಷ್ಟು ದೊಡ್ಡ ಮನೇಲಿ ನನ್ನ ರಾಣಿ ಗಡಿಯಾರಾನೇ ಹುಡುಕ್ಕೊಂಡು ಹೋಗಿದ್ದಾಳೆ. ಯಜಮಾನನ ಕಸುಬಿನ ಮೇಲೆ ಎಂಥಾ ಅಭಿಮಾನ!” ರಾಯರು ಮೀಸೆ ತಿರುವಿದರು. ಇನ್ನೊಂದು ಕೈ ಆಗಲೇ ಟಾರ್ಚು ಎತ್ತಿಕೊಂಡಿತ್ತು.

ಹೆಂಡತಿ ಬಗ್ಗಿ ನೋಡಿದಳು.

“ಅಭಿಮಾನ ಅಲ್ಲಾರೀ, ಜಾಣತನ. ಈ ಮನೇಲಿ ನೀವು ಯಾವತ್ತೂ ಕೈ ಹಾಕದ ಜಾಗ ಇದೊಂದೇ ಅಂತ ಅವಳಿಗೂ ಗೊತ್ತಾಗಿದೆ!”

ರಾಯರು ಮೀಸೆಯಿಂದ ಕೈ ತೆಗೆದರು. ಟಾರ್ಚೂ ಕೆಳಗಿಟ್ಟರು.

“ಹಾಗಾದ್ರೆ... ನಿಮ್ಮಪ್ಪನ ಟೈಂಪೀಸು?”

“ಅವಸರವೇನು,” ಎಂದಳು ಆಕೆ. “ನಾಳೆ ಮಾಡೋರಂತೆ.”