ಸಾವಕಾಶ, ಕಲ್ಲಣ್ಣಾ!

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಭಂಡಾರಕವಠೆಯ ಕಲ್ಲಣ್ಣ ಮಗಳ ಮದುವೆಯಲ್ಲಿ, ಊಟ ಮುಗಿಸಿ ಕೈ ತೊಳೆಯುತ್ತ, ಹೊಸ ಬೀಗರ ಮುಂದೆ ಒಂದು ಮಾತು ಆಡಿಬಿಟ್ಟಿದ್ದ.

"ಬೀಗರ, ಗಟಾರಿ ಅಮಾಸಿಗಿ ನಮ್ಮೂರಿಗಿ ಬರ್ರಿ. ನನ್ನ ಮೋಟಾರ ದೋಣ್ಯಾಗ ಹೋಗಿ, ಭೀಮಾ ನದ್ಯಾಗಿನ ಮೀನಾ ನನ್ನ ಕೈಲೇ ಹಿಡದು ಉಣಸ್ತೀನಿ!"

ಆಗ ಅವನ ಹತ್ತಿರ ದೋಣಿಯೂ ಇರಲಿಲ್ಲ, ಮೋಟಾರೂ ಇರಲಿಲ್ಲ. ಮೀನು ಮಾತ್ರ ನದಿಯಲ್ಲಿತ್ತು.

ಬೀಗರಾದ ಯೋಗಿರಾಜರು ಸೋಲಾಪುರದ ಚಾದರ ವ್ಯಾಪಾರಿ. ಕೊಟ್ಟ ಮಾತನ್ನು ಮರೆತರೂ ಮರೆತಾರು, ಇಸಿದುಕೊಂಡ ಮಾತನ್ನು ಮರೆಯುವವರಲ್ಲ. ಆಷಾಢದ ಕೊನೆಯ ಈ ಗಟಾರಿ ಅಮಾವಾಸ್ಯೆ, ಅಂದರೆ ಶ್ರಾವಣದ ಮಡಿ ಶುರುವಾಗುವ ಮೊದಲು ಮೀನು ಮಾಂಸಕ್ಕೆ ಒಂದು ತಿಂಗಳ ವಿದಾಯ ಹೇಳುವ ದಿನ, ನಾಳೆ ಎನ್ನುವಾಗ ಅವರ ಫೋನು ಬಂತು.

"ಕಲ್ಲಣ್ಣಾರ, ನಾಳಿ ಬರಾಕತ್ತೀನ್ರಿ. ಆದ್ರ ಹನ್ನೆರಡಕ್ಕ ತಾಟಿನ ಮುಂದ ಕೂಡಬೇಕು. ಹನ್ನೆರಡೂವರಿ ಅಂದ್ರ ಕೈ ತೊಳದಿರಬೇಕು ನೋಡ್ರಿ."

"ಆತ್ರಿ ಬೀಗರ" ಎಂದ ಕಲ್ಲಣ್ಣ. ಪೇಟೆಯವರಿಗೆ ಹೊಟ್ಟೆ ಕೂಡ ಗಡಿಯಾರ ನೋಡಿಯೇ ಹಸಿಯುತ್ತದೆ ಎಂದುಕೊಂಡು ಅವನಿಗೆ ನಗು ಬಂತು.

"ಹನ್ನೆರಡೂವರಿನೇ ಯಾಕ ಅಂದ್ರಂತ? ಕ್ಯಾಲೆಂಡರ ನೋಡೀರೇನು?" ಎಂದಳು ಹೆಂಡತಿ ಶಾರದಾಬಾಯಿ.

"ಅಮಾಸಿ ನಾಳಿ ಅಂತ ಊರಿಗೆಲ್ಲ ಗೊತ್ತದ. ಅದರಾಗ ಏನ್ ನೋಡೂದದ? ಅವರಿಗಿ ಗ್ಯಾಸಿನ ತ್ರಾಸ ಇರಬೇಕು. ನೀ ಮಸಾಲಿ ಅರದಿಡು."

ದೋಣಿಯನ್ನು ಅವನು ಹದಿನೈದು ದಿನದ ಹಿಂದಷ್ಟೇ ಇಂದಾಪುರದ ಕಡೆಯಿಂದ ತಂದಿದ್ದ. ಹಳೆಯ ಫೈಬರ್ ದೋಣಿ, ಪುಟ್ಟದು. ಅದಕ್ಕೆ ಹಚ್ಚಿದ ಎಂಜಿನ್ ಮಾತ್ರ ಅದರ ಮೂರು ಪಟ್ಟು ದೊಡ್ಡ ದೋಣಿಯದು. ಅದಕ್ಕೆ ಎರಡೇ ಗುಣ: ಸುಮ್ಮನೆ ನಿಲ್ಲುವುದು, ಇಲ್ಲವೇ ಹಗ್ಗ ಹರಿದ ಹೋರಿಯ ಹಾಗೆ ಓಡುವುದು. ಮೀನು ಹಿಡಿಯುವ ಪಾಠವನ್ನು ಕಲ್ಲಣ್ಣ ಮೊಬೈಲಿನ ವಿಡಿಯೊ ನೋಡಿ ಕಲಿತಿದ್ದ. ದೋಣಿ ಮನುಷ್ಯ ನಡೆದಷ್ಟು ನಿಧಾನವಾಗಿ ಸಾಗಬೇಕು. ಅದರ ಹಿಂದೆ ಉದ್ದನೆಯ ಗಾಳದ ದಾರದ ತುದಿಯಲ್ಲಿ ತಗಡಿನ ಹುಸಿಮೀನು ಈಜುತ್ತ ಬರಬೇಕು. ದೊಡ್ಡ ಮೀನು ಅದನ್ನು ನಿಜವೆಂದು ನಂಬಿ ಬಾಯಿ ಹಾಕಬೇಕು. ನಂಬಿಸುವ ಕೆಲಸವೆಲ್ಲ ಆ ನಿಧಾನದಲ್ಲೇ ಇತ್ತು.

ಬೆಳಿಗ್ಗೆ ಎಂಟಕ್ಕೆ ಕಲ್ಲಣ್ಣ ಎಂಜಿನ್ ಚಾಲೂ ಮಾಡಿದ. ದೋಣಿ ಒಂದೇ ನೆಗೆತಕ್ಕೆ ನದಿಯ ನಡುವಿಗೆ ಹೋಯಿತು. ತಗಡಿನ ಮೀನು ನೀರಿಗೆ ಇಳಿಯಲೇ ಇಲ್ಲ. ಮೇಲೆಯೇ ಜಿಗಿಯುತ್ತ, ಹಾರುತ್ತ ಹಿಂದೆ ಬಂತು. ನದಿಯ ಮೀನುಗಳು ಇದ್ಯಾವ ಹೊಸ ಹಕ್ಕಿ ಎಂದು ಹೆದರಿ ತಳ ಸೇರಿರಬೇಕು.

ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ರೇವಮ್ಮ ಸೊಂಟದ ಮೇಲೆ ಕೈಯಿಟ್ಟು ನಗುತ್ತ ಕೂಗಿದಳು: "ಮಾವಾ, ನೀವ್ ಮೀನಿನ ಬೆನ್ನ ಹತ್ತೀರೋ, ಮೀನಾ ನಿಮ್ಮ ಬೆನ್ನ ಹತ್ತ್ಯಾವೋ?"

ಆ ನಗು ಕೇಳಿಯೇ ತುಕಾರಾಮ ಬಂದ. ಕಲ್ಲಣ್ಣನ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ, ಈಚೆ ಆಡಿದ ಮಾತು ಆಚೆಗೆ ಕೇಳುವಂಥದು. ಕೇಳಿದವರಿಗೆ ಕವಡೆ ಕೊಡದಿದ್ದರೂ, ಕೇಳದವರಿಗೆ ಬುದ್ಧಿ ಹೇಳುವುದರಲ್ಲಿ ಅವನು ಕರ್ಣ. ದೋಣಿ ದಂಡೆಗೆ ಬಂದದ್ದೇ ತಡ, ಯಾರೂ ಕರೆಯದೆಯೇ ಹತ್ತಿ ಕುಳಿತ.

"ಸಾವಕಾಶ, ಕಲ್ಲಣ್ಣಾ, ಸಾವಕಾಶ! ದೋಣಿ ಹಗರ ಆಗ್ಯಾದ. ವಜ್ಜಿ ಹಾಕು."

ನಾಲ್ಕು ಕಲ್ಲು ಹೇರಿದರು. ನೀರು ಅಂಚಿಗೆ ಬಂತು, ಓಟ ಮಾತ್ರ ಕಡಿಮೆಯಾಗಲಿಲ್ಲ. ಕಲ್ಲು ಇಳಿಸಿ, "ಉಲ್ಟಾ ಹೊಡಿ" ಎಂದ ತುಕಾರಾಮ. ಹಿಂದುಮುಂದಾಗಿ ಹೋದ ದೋಣಿಯೊಳಗೆ ಮೊಣಕಾಲಮಟ್ಟ ನೀರು ತುಂಬಿತು. ಅದನ್ನು ಎತ್ತಿಚೆಲ್ಲಲು ಬಳಸಿದ ಶಾರದಾಬಾಯಿಯ ಬಕೆಟ್ಟನ್ನೇ ಹಗ್ಗ ಕಟ್ಟಿ ಹಿಂದೆ ಬಿಡು, ಅದು ನೀರು ತುಂಬಿಕೊಂಡು ಜಗ್ಗಿ ಹಿಡಿಯುತ್ತದೆ ಎಂದ. ಹಿಡಿಯಿತು ಕೂಡ. ಎಣಿಸಿ ಹತ್ತರ ತನಕ ದೋಣಿ ನಿಧಾನವಾಗಿ ಸಾಗಿತು. ಆಮೇಲೆ ಹಿಡಿಕೆ ಹಗ್ಗದಲ್ಲಿ ಉಳಿದು, ಬಕೆಟ್ ಭೀಮೆಯ ಪಾಲಾಯಿತು.

"ವಿಚಾರ ಖರೇನ ಅದ, ಬಕೀಟ ಸಣ್ಣದಾತು" ಎಂದ ತುಕಾರಾಮ. "ಇಲ್ಲೇ ಇರು, ದೊಡ್ಡದು ತರ್ತೀನಿ."

ಅವನು ತಂದದ್ದು ದಪ್ಪನೆಯ ಒಂದು ಚಾದರ. ನಾಲ್ಕು ಮೂಲೆಗೆ ಹಗ್ಗ ಬಿಗಿದು, ಚೀಲದಂತೆ ಬಾಯಿ ತೆರೆಯುವ ಹಾಗೆ ಮಾಡಿ ನೀರಿಗೆ ಬಿಟ್ಟ. ಆಹಾ! ಅಷ್ಟು ಹೊತ್ತು ಕುಣಿದ ದೋಣಿ ಮಂಟಪಕ್ಕೆ ಬರುವ ಮದುಮಗಳಂತೆ ತಲೆ ತಗ್ಗಿಸಿ ಹೆಜ್ಜೆ ಹಾಕತೊಡಗಿತು. ತಗಡಿನ ಮೀನು ನೀರಿನೊಳಗೆ ಬಾಲ ಬಳುಕಿಸಿತು. ಕಲ್ಲಣ್ಣನ ಕಣ್ಣಲ್ಲಿ ನೀರೇ ಬಂತು.

ಕಣ್ಣೊರೆಸಿಕೊಂಡು ನೋಡಿದ. ಚಾದರದ ಮೇಲಿನ ನವಿಲು ಗುರುತಿನದಾಗಿ ಕಂಡಿತು.

"ತುಕ್ಯಾ, ಇದೆಲ್ಲಿಂದ ತಂದೀಯೋ?"

"ನಿಮ್ಮ ಮನಿ ಹಗ್ಗದ ಮ್ಯಾಲ ಇತ್ತು."

ಕಲ್ಲಣ್ಣ ಎಳೆದುಕೊಳ್ಳಲೆಂದು ಹಗ್ಗಕ್ಕೆ ಕೈ ಹಾಕಿದ. ಮದುವೆಯಲ್ಲಿ ಯೋಗಿರಾಜರು ತಮ್ಮ ಅಂಗಡಿಯಿಂದಲೇ ಆರಿಸಿ ಕೊಟ್ಟ ಉಡುಗೊರೆ ಅದು. ಇಂದು ಅವರನ್ನೇ ಅದರ ಮೇಲೆ ಕೂಡಿಸಬೇಕೆಂದು ಶಾರದಾಬಾಯಿ ಬೆಳಿಗ್ಗೆ ಬಿಸಿಲಿಗೆ ಹಾಕಿದ್ದಳು. ಆದರೂ ಮೀನು ಸಿಕ್ಕರೆ ಚಾದರದ ತಪ್ಪು ಕ್ಷಮೆಯಾದೀತು, ಮೀನಿಲ್ಲದೆ ಹೋದರೆ ಮಾನವೇ ಹೋದೀತು ಎಂದು ಮನಸ್ಸು ಗಟ್ಟಿ ಮಾಡಿದ.

ಒಂದು ಸುತ್ತಾಯಿತು, ಎರಡಾಯಿತು. ಗಾಳ ಅಲುಗಲಿಲ್ಲ.

"ಗಂಟಿ ಎಷ್ಟಾತು?" ಎಂದ ತುಕಾರಾಮ.

"ಹನ್ನೊಂದೂವರಿ. ಸಾಕು, ದಂಡಿಗಿ ಹೋಗೂಣು. ಬೀಗರು ಬಂದಿರ್ತಾರ."

"ಬರಿಗೈಲೇ ಹೋಗಿ ಮಾರಿ ತೋರಸ್ತೀಯೇನು? ಇನ್ನೊಂದು ಸುತ್ತ ಹಾಕು. ಸಾವಕಾಶ."

ಆ ಸುತ್ತೂ ಬರಿದೇ ಹೋಯಿತು. ಹೋಗೋಣವೆಂದು ಚಾದರವನ್ನು ಎಳೆದರೆ ಅದು ಕೆಸರಲ್ಲಿ ಮಲಗಿದ ಎಮ್ಮೆಯಾಗಿತ್ತು. ಇಬ್ಬರು ಜಗ್ಗಿದರೂ ಮೇಲೇಳಲಿಲ್ಲ. ಹಗ್ಗ ಕೊಯ್ದರೆ ಬೀಗರ ಉಡುಗೊರೆ ನೀರುಪಾಲು. ಎಂಜಿನ್ ಎಷ್ಟು ಒದರಿದರೂ ದೋಣಿ ಚಾದರದ ಲೆಕ್ಕದಲ್ಲೇ ಬಂತು. ದಾರಿಯುದ್ದಕ್ಕೂ ತುಕಾರಾಮ "ಗಂಟಿ ಎಷ್ಟಾತು?" ಎಂದು ಕೇಳುತ್ತಲೇ ಇದ್ದ. ಪಾಪ, ನನ್ನ ಚಿಂತೆ ಇವನಿಗೂ ಹತ್ತಿದೆ ಎಂದು ಕಲ್ಲಣ್ಣನಿಗೆ ಅವನ ಮೇಲೆ ಪ್ರೀತಿ ಉಕ್ಕಿತು.

ದಂಡೆ ಮುಟ್ಟಿದಾಗ "ಹನ್ನೆರಡೂ ಐವತ್ತು" ಎಂದ ಕಲ್ಲಣ್ಣ.

"ಹಂಗಾದ್ರ ಈಗ ಎಳಿ!" ಎಂದ ತುಕಾರಾಮ, ಎಲ್ಲಿತ್ತೋ ಬಲ, ಚಾದರವನ್ನು ದರದರ ಮೇಲಕ್ಕೆಳೆದ. ಅದರೊಳಗೆ ಏನೋ ಧಪ್ಪನೆ ಬಡಿಯಿತು. ಬಿಚ್ಚಿದರೆ ಐದು ಕಿಲೊ ತೂಗುವ ಕಟ್ಲಾ ಮೀನು! ಹುಸಿಮೀನಿಗೆ ಮರುಳಾಗದ್ದು ಬೀಗರ ಚಾದರಕ್ಕೆ ಮರುಳಾಗಿತ್ತು.

ಕಲ್ಲಣ್ಣ ಅದನ್ನು ಹಾಗೆಯೇ ಚಾದರದಲ್ಲಿ ಸುತ್ತಿ, ಎತ್ತಿಕೊಂಡು ಓಡಿದ. ಯೋಗಿರಾಜರು ಮನೆಯ ಕಟ್ಟೆಯ ಮೇಲೆ ಕುಳಿತು ಗಡಿಯಾರ ನೋಡುತ್ತಿದ್ದರು. ಅವರ ಕಣ್ಣು ಮೊದಲು ಚಾದರದ ಮೇಲೆ ಬಿತ್ತು. ಕಲ್ಲಣ್ಣ ಉಸಿರು ಹಿಡಿದು, ನಡೆದದ್ದೆಲ್ಲ ಒಂದೇ ಏಟಿಗೆ ಒಪ್ಪಿಸಿದ.

ಬೀಗರು ಚಾದರದ ಅಂಚನ್ನು ತಿಕ್ಕಿ ನೋಡಿದರು, ಹಿಂಡಿ ನೋಡಿದರು. ಮುಖ ಅರಳಿತು. "ನೋಡ್ರಿ, ಬಣ್ಣ ಒಂಚೂರರೇ ಬಿಟ್ಟದೇನು? ಇದಕ್ಕಂತಾರ ಮಾಲು!"

"ಬರ್ರಿ ಬೀಗರ, ಅರ್ಧಾ ತಾಸಿನ್ಯಾಗ ಮೀನಾ ತಾಟಿನ್ಯಾಗ ಇರ್ತದ" ಎಂದ ಕಲ್ಲಣ್ಣ, ಗೆದ್ದ ಹುಮ್ಮಸ್ಸಿನಲ್ಲಿ.

"ಶಿವ ಶಿವ!" ಬೀಗರು ಚಾದರ ಬಿಟ್ಟು ಕೈ ಒರೆಸಿಕೊಂಡರು. "ಅಮಾಸಿ ಹನ್ನೆರಡೂ ನಲವತ್ತಕ್ಕ ಮುಗೀತಲ್ರಿ! ಶ್ರಾವಣ ಹತ್ತಿತು. ನಾವು ತಿಥಿ ಹಿಡಿಯೋ ಮಂದಿ. ಅದಕ್ಕ ಅಲ್ಲೇನ್ರಿ ನಾ ಹನ್ನೆರಡೂವರಿ ಅಂದಿದ್ದು?"

ಶಾರದಾಬಾಯಿ ಗಂಡನನ್ನು ಒಮ್ಮೆ ನೋಡಿ, ಅರೆದಿಟ್ಟ ಮಸಾಲೆಯನ್ನು ಬದನೆಕಾಯಿಗೆ ತುಂಬಲು ಒಳಗೆ ಹೋದಳು. ಮಗಳನ್ನು ಕೊಟ್ಟ ಮನೆಯವರು ಶ್ರಾವಣ ಎಂದ ಮೇಲೆ ಈ ಮನೆಯಲ್ಲೂ ಶ್ರಾವಣವೇ. ಮೀನನ್ನು ಏನು ಮಾಡುವುದು?

"ನಮಗ ಸೂರ್ಯಾ ಹುಟ್ಟಿದ ಮ್ಯಾಲ ಶ್ರಾವಣ. ನಾಳಿ ಮುಂಜಾನಿ ತನಕ ಅಮಾಸಿನೇ" ಎಂದ, ಆಗಲೇ ಬಾಗಿಲಲ್ಲಿ ನಿಂತಿದ್ದ ತುಕಾರಾಮ. "ದೇವರ ಕೊಟ್ಟಿದ್ದು ಕೆಡಸಬಾರದು. ಕೊಡು ಇಲ್ಲಿ."

ಬೀಗರು ಬದನೆಕಾಯಿ ಉಂಡು, ಬಾಯಿ ತುಂಬ ಹೊಗಳಿ, ಗಣಪತಿ ಕಳುಹಿಸಿದ ಮೇಲೆ ಮೀನಿಗೆ ಮತ್ತೆ ಬರುತ್ತೇವೆಂದು ಹೇಳಿ ಸೋಲಾಪುರದ ಬಸ್ಸು ಹತ್ತಿದರು. ಗೋಡೆಯಾಚೆಯಿಂದ ಮೀನು ಹುರಿಯುವ ವಾಸನೆ ಬರುತ್ತಲೇ ಇತ್ತು. ಕಲ್ಲಣ್ಣ ತಡೆಯುವಷ್ಟು ತಡೆದ. ಕೊನೆಗೆ, ತುಕಾರಾಮನ ಹಗ್ಗ ಮರಳಿಸುವ ನೆಪ ಮಾಡಿಕೊಂಡು ಅವನ ಮನೆಗೆ ಹೋದ.

ತುಕಾರಾಮ ತಾಟಿನ ಮುಂದೆ ಕುಳಿತಿದ್ದ. ಅವನ ತಲೆಯ ಮೇಲೆ ಗೋಡೆಗೆ ಕ್ಯಾಲೆಂಡರ್ ತೂಗುತ್ತಿತ್ತು. ಇಂದಿನ ತಾರೀಖಿಗೆ ಕೆಂಪು ಪೆನ್ನಿನಿಂದ ದೊಡ್ಡ ಸುತ್ತು ಹಾಕಿ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: "೧೨.೪೦. ಕಲ್ಲಣ್ಣನ ಬೀಗರು."

ಕಲ್ಲಣ್ಣ ಅದನ್ನು ಎರಡೆರಡು ಸಲ ಓದಿದ. ತುಕಾರಾಮ ಮುಳ್ಳು ಬಿಡಿಸುತ್ತ ತಲೆಯೆತ್ತಿದ.

"ಬಾ, ಕೂಡು. ನಿನಗ ಚಾ ಮಾಡಸ್ತೀನಿ" ಎಂದ. "ಸಾವಕಾಶ, ಕಲ್ಲಣ್ಣಾ, ಸಾವಕಾಶ."