ಒಂದೇ ಕೋಣೆಯ ಮಣ್ಣಿನ ಮನೆ

ಸಣ್ಣ ಮನೆಯಲ್ಲಿ ಕೆಲಸ ಕಡಿಮೆ ಅಂತಾರೆ. ಇರಬಹುದು, ಫಜೀತಿ ಮಾತ್ರ ದೊಡ್ಡ ಮನೆಗಿಂತ ಒಂದು ಕೈ ಹೆಚ್ಚೇ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಶಿಕಾರಿಪುರದಲ್ಲಿ ಟೀಚರ್, ನಮ್ಮ ಯಜಮಾನರು ಸೊರಬದಲ್ಲಿ ಸರ್ವೇಯರ್. ದಿನವಿಡೀ ಊರವರ ಜಮೀನು ಅಳೆದು ಬಂದ ಮನುಷ್ಯ ಒಂದು ಸಂಜೆ ಆಕಾಶ ನೋಡುತ್ತಾ, "ನಮಗೆ ಎಷ್ಟು ಜಾಗ ಬೇಕು ಹೇಳು?" ಅಂದರು. ನಾನೂ ಯಾವುದೋ ಗುಂಗಿನಲ್ಲಿ, "ಚಾಪೆ ಹಾಸುವಷ್ಟು" ಅಂದುಬಿಟ್ಟೆ. ಅವರು ಅದನ್ನೇ ನಕ್ಷೆ ಮಾಡಿದರು. ಬೀರು, ಸೋಫಾ ಬೇಕಾದವರ ಪಾಲಾದವು. ಸೊರಬ ರಸ್ತೆಯ ನಮ್ಮ ಜಾಗದಲ್ಲಿ ಮಣ್ಣಿನ ಗೋಡೆ ಏಳತೊಡಗಿತು.

ಕೆಸರು

ಗೋಡೆಯ ಮಣ್ಣು ತುಳಿಯುವುದು ನನ್ನ ಪಾಲಿಗೆ ಬಂತು. ಭಾನುವಾರದ ಎಳೆಬಿಸಿಲು, ಮೊಣಕಾಲವರೆಗೆ ತಣ್ಣನೆ ಕೆಸರು, ಒದ್ದೆ ಹುಲ್ಲಿನ ವಾಸನೆ. ಕಣ್ಣು ಮುಚ್ಚಿ ತುಳಿಯುತ್ತಿದ್ದರೆ ಮೋಡದ ಮೇಲೆ ನಡೆದ ಹಾಗೆ. ಕಣ್ಣು ಬಿಟ್ಟರೆ ಎದುರಿಗೆ ನಮ್ಮ ಹೆಡ್‌ಮಾಸ್ಟರು!

"ಟೀಚರ್ ಇದಾರೇನಮ್ಮಾ?" ಅಂದರು. ತಲೆಗೆ ಟವೆಲ್, ಮುಖವೆಲ್ಲ ಮಣ್ಣು, ಗುರುತೇ ಸಿಕ್ಕಿರಲಿಲ್ಲ. "ಹಿಂದೆ ಇದಾರೆ, ಕರೀತೀನ್ರೀ" ಅಂತ ದನಿ ಬದಲಿಸಿ ಓಡಿದೆ. ಮನೆ ಏಳೋವರೆಗೆ ನಾವಿದ್ದ ಶೆಡ್ಡಿನಲ್ಲಿ ಮುಖ ತೊಳೆದು, ಸೀರೆ ಬದಲಿಸಿ, "ನಮಸ್ಕಾರ ಸಾರ್" ಅಂತ ಬಂದೆ.

ಪರೀಕ್ಷೆಯ ವಿಷಯ ಮಾತಾಡಿ ಹೊರಟವರು ಕೆಸರಿನ ಹತ್ತಿರ ನಿಂತರು. "ನಿಮ್ಮ ಕೆಲಸದಾಕೆ ಎಷ್ಟು ಶ್ರದ್ಧೆಯಿಂದ ತುಳೀತಾಳ್ರೀ! ನಮ್ಮ ಟೀಚರುಗಳಲ್ಲಿ ಇಂಥ ಶ್ರದ್ಧೆ ಕಾಣೋದಿಲ್ಲ ಬಿಡಿ."

ಏನೂ ಮಾಡದ ತೋಟ

ಯಜಮಾನರ ತೋಟಕ್ಕೆ ಒಂದೇ ನಿಯಮ: ಅಗೆಯಬಾರದು, ಕೀಳಬಾರದು, ಸುಮ್ಮನಿರಬೇಕು. ಒಣ ಎಲೆ ಹರವಿ, ಬೀಜ ಎರಚಿ, ಹಗ್ಗದ ಮಂಚದ ಮೇಲೆ ಮಲಗಿಬಿಡುವರು. ಬಸಳೆ, ಹರಿವೆ, ಕುಂಬಳ ತಮ್ಮ ಪಾಡಿಗೆ ಹಬ್ಬಿದವು. ಕಳೆ ಯಾವುದು, ಪಲ್ಯ ಯಾವುದು ಅಂತ ಅವರೊಬ್ಬರಿಗೇ ಗೊತ್ತು.

ಒಂದು ಭಾನುವಾರ ಬಂದಳಿಕೆಗೆ ಹೋಗಿ, ಹಳೇ ಗುಡಿಯ ನೆರಳಲ್ಲಿ ಬುತ್ತಿ ಉಂಡು, ಸಂಜೆ ತಿರುಗಿ ಬಂದರೆ ತೋಟ ಅಂಗೈಯಷ್ಟು ನುಣ್ಣಗೆ! ಪಕ್ಕದ ಹೊಲದ ಅಜ್ಜ ಎತ್ತಿನ ಮೈ ಸವರುತ್ತಾ ನಿಂತಿದ್ದ. "ಸಾಹೇಬ್ರು ವರ್ಷದಿಂದ ಮಂಚ ಬಿಟ್ಟು ಎದ್ದಿದ್ದೇ ಕಾಣೆ. ಪಾಪ, ಹುಷಾರಿಲ್ಲೇನೋ ಅಂತ ನಾನೇ ಕುಂಟೆ ಹೊಡೆದೆ ನೋಡ್ರೀ."

"ಬಹಳ ಉಪಕಾರ ಆಯ್ತು ಅಜ್ಜಾ" ಅಂದ ಯಜಮಾನರು ಒಳಗೆ ಬಂದು ಗೋಡೆಗೆ ಒರಗಿ ಕೂತರು. "ಒಂದು ವರ್ಷ ಏನೂ ಮಾಡದೆ ಇದ್ದದ್ದೆಲ್ಲ ವ್ಯರ್ಥ ಆಯ್ತಲ್ಲೇ!"

ಪಕ್ಕದ ಕೋಣೆ

ನಮ್ಮ ಜೊತೆಗೇ ಇದ್ದ ನನ್ನ ತಂಗಿಯನ್ನು ನೋಡಲು ಬಂದ ಎರಡು ಕಡೆಯವರು ಮಣ್ಣಿನ ಗೋಡೆ ಕಂಡು ಬಾಗಿಲಿಂದಲೇ ವಾಪಸಾಗಿದ್ದರು. ಮೂರನೆಯದು ಸೊರಬ ಕಡೆಯ ಸಂಬಂಧ. ಒಂಬತ್ತು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಹುಡುಗನ ತಂದೆ ಸೂರು ನೋಡುತ್ತಾ, "ನಮ್ಮದು ಹದಿನಾಲ್ಕು ಕೋಣೆ ಮನೆ ನೋಡ್ರೀ" ಅಂದರು. ಮೂರು ಸಲ ಅಂದರು. ಆಮೇಲೆ, "ಹುಡುಗ, ಹುಡುಗಿ ಪಕ್ಕದ ಕೋಣೇಲಿ ಎರಡು ಮಾತಾಡಲಿ."

ಪಕ್ಕದ ಕೋಣೆ ಎಲ್ಲಿಂದ ತರೋದು? ಯಜಮಾನರು ನಿಧಾನಕ್ಕೆ ಎದ್ದು, "ಪಕ್ಕದ ಕೋಣೆಗೆ ನಾವೇ ಹೋಗೋಣ ಬನ್ನಿ" ಅಂತ ಎಲ್ಲರನ್ನೂ ಹೊರಗೆ ಹೊಂಗೆ ಮರದ ಕೆಳಗೆ ಕೂರಿಸಿದರು. ಹೂ ಉದುರುತ್ತಿತ್ತು, ಜೇನುಹುಳು ಗುಂಯ್‌ಗುಡುತ್ತಿದ್ದವು. ಹುಡುಗನ ತಾಯಿಗೆ ಹಿತವಾದ ಜೋಂಪು ಹತ್ತಿತು. ತಂದೆ ಮಾತ್ರ ಗಡಿಯಾರ ನೋಡುತ್ತಿದ್ದರು.

ಮುಕ್ಕಾಲು ಗಂಟೆಯ ಮೇಲೆ ಇಬ್ಬರೂ ಹೊರಬಂದರು.

"ಹುಡುಗಿ ಒಪ್ಪಿಗೆ. ಆದರೆ ಒಂದು ಷರತ್ತು" ಅಂದ ಹುಡುಗ.

"ಮದುವೆ ಆದಮೇಲೆ ನಾವೂ ಇಂಥದ್ದೇ ಒಂದು ಕೋಣೆ ಮನೆ ಕಟ್ಕೋತೀವಿ."

"ನಮ್ಮಲ್ಲಿ ಹದಿನಾಲ್ಕು ಇದಾವಲ್ಲೋ!" ಅಂದರು ತಂದೆ.

"ಇದಾವಪ್ಪಾ. ಹದಿನಾಲ್ಕರಲ್ಲೂ ಯಾರಾದರೂ ಒಬ್ಬರು ಕೂತಿರ್ತೀರಿ. ಈ ಮನೇಲಾದರೆ ಎಲ್ಲರೂ ಎದ್ದು ಹೊರಗೆ ಹೋಗ್ತೀರಿ!"